ಕಂದಣ್ಣನ ಕತ್ತಿ ನಡೆದ ದಾರಿ

ಬೆಳಗಿನ ಐದೂಮುಕ್ಕಾಲು. ಬಾಳೆ ತೋಟದ ಗೇಟಿನೊಳಗೆ, ಔಷಧಿ ನೀರು ತುಂಬಿದ ಸಿಮೆಂಟು ತೊಟ್ಟಿಯಲ್ಲಿ ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡ ಐವತ್ತೆಂಟರ ಮನುಷ್ಯರೊಬ್ಬರು ನಿಂತಿದ್ದಾರೆ. ತುಟಿಯಲ್ಲೇ ಏನನ್ನೋ ಎಣಿಸುತ್ತಿದ್ದಾರೆ. ಮೂವತ್ತು ಎಣಿಸುವವರೆಗೆ ನಿಲ್ಲಬೇಕು ಎಂದು ಗೋಡೆಯ ಮೇಲೆ ಬರೆದಿದೆ. ಇವರು ಅರವತ್ತು ಎಣಿಸುತ್ತಾರೆ. ಹಿಂದೆ ಸಾಲುಗಟ್ಟಿ ನಿಂತವರಿಗೆ ತಾಳ್ಮೆ ಕಡಿಮೆ.

"ಇಳೀರಿ ಕಂದಣ್ಣ, ಇನ್ನೂ ನಿಂತ್ರೆ ಕಾಲು ಬೇರು ಬಿಡತ್ತೆ" ಎನ್ನುತ್ತಾಳೆ ಒಬ್ಬಾಕೆ. ಸಾಲು ನಗುತ್ತದೆ. ಕಂದಣ್ಣ ನಗುವುದಿಲ್ಲ. ಅರವತ್ತು ಮುಗಿಸಿಯೇ ಇಳಿಯುತ್ತಾರೆ.

ಕಂದಣ್ಣ ಎಂಬುದು ತೋಟ ಇಟ್ಟ ಹೆಸರು. ತಾಯಿಗಿಡದ ಬುಡದಲ್ಲಿ ಏಳುವ ಮರಿಗಳಿಗೆ ಕಂದು ಎನ್ನುತ್ತಾರೆ. ಆರೇಳು ಕಂದುಗಳಲ್ಲಿ ಒಂದನ್ನು ಉಳಿಸಿ ಮಿಕ್ಕವನ್ನು ನೆಲದ ಮಟ್ಟಕ್ಕೆ ಕುಯ್ದು ಮತ್ತೆ ಚಿಗುರದಂತೆ ಕಣ್ಣು ಕಿತ್ತುಹಾಕುವುದು ಇಪ್ಪತ್ತಾರು ವರ್ಷ ಇವರ ಕೆಲಸವಾಗಿತ್ತು. ಯಾವುದು ಬದುಕಬೇಕು ಎಂದು ನಿಂತ ನಿಲುವಿನಲ್ಲೇ ತೀರ್ಮಾನಿಸುವ ಹುದ್ದೆ. ನ್ಯಾಯಾಧೀಶರಿಗೂ ಇಷ್ಟು ಬೇಗ ತೀರ್ಪು ಕೊಡುವ ಅಭ್ಯಾಸವಿಲ್ಲ.

ಈಗ ಆ ಕೆಲಸವಿಲ್ಲ. ಐದನೇ ಪ್ಲಾಟಿನ ಸಾಲಿಗೆ ಹೋಗಿ, ಜಾನುವಾರು ಡಾಕ್ಟರರ ಬಳಿ ಇರುವಂಥ ದಪ್ಪ ಸಿರಿಂಜಿಗೆ ಕಳೆನಾಶಕ ತುಂಬಿಕೊಳ್ಳುತ್ತಾರೆ. ರೋಗದ ಗುರುತಿಗೆ ಕೆಂಪು ಬಟ್ಟೆ ಕಟ್ಟಿದ ಗಿಡದ ಸೊಂಟಕ್ಕೆ ಮೂರು ಕಡೆ ಚುಚ್ಚುತ್ತಾರೆ. ಗಿಡದ ಕೆಳಗಿನ ಎಲೆಗಳು ಆಗಲೇ ಹಳದಿಯಾಗಿ, ಮುರಿದು, ಕಾಂಡದ ಸುತ್ತ ಹಳೇ ಲಂಗದ ಹಾಗೆ ಜೋತುಬಿದ್ದಿವೆ. ಮೇಲೆ ನೀಲಿ ಚೀಲ ಹೊದ್ದ ಗೊನೆ ಅರ್ಧ ತುಂಬಿ ನಿಂತಿದೆ. ಇಂದಿನ ಪಾಲು ನಲವತ್ತೆರಡು ಗಿಡ. ಎರಡು ಮೂರು ವಾರದಲ್ಲಿ ಅವು ನಿಂತಲ್ಲೇ ಕುಸಿದು, ಬಿದ್ದಲ್ಲೇ ಕೊಳೆಯಬೇಕು.

"ಹಣ್ಣಿಗೆ ಏನೂ ಆಗಿಲ್ಲ. ತಿಂದೋರಿಗೂ ಏನೂ ಆಗಲ್ಲ" ಎನ್ನುತ್ತಾರೆ ಸಿರಿಂಜನ್ನು ಒತ್ತುತ್ತ. "ಆದ್ರೆ ಗೊನೆ ಹೊರಗೆ ಹೋದ್ರೆ ಅದರ ಜೊತೆ ಮಣ್ಣೂ ಹೋಗತ್ತೆ. ಕಾಯಿಲೆ ಇರೋದು ಮಣ್ಣಲ್ಲಿ. ಮೂವತ್ತು ವರ್ಷ ಕಾದ್ರೂ ಸಾಯಲ್ವಂತೆ. ನಾನು ಸಾಯ್ತೀನಿ, ಅದು ಇರತ್ತೆ."

ಇದು ಬೇರಿನಿಂದ ಹತ್ತಿ ಗಿಡದ ನೀರಿನ ದಾರಿಯನ್ನು ಕಟ್ಟಿಹಾಕುವ ಸೊರಗು ರೋಗ. ಮದ್ದಿಲ್ಲ. ಹನ್ನೊಂದು ಪ್ಲಾಟುಗಳ ತೋಟದಲ್ಲಿ ಹದಿನಾಲ್ಕು ತಿಂಗಳಿಗೆ ಒಂಬತ್ತು ಪ್ಲಾಟು ಹೋಗಿವೆ. ಉಳಿದಿರುವುದು ಒಂಬತ್ತನೆಯದು ಮತ್ತು ಹನ್ನೊಂದನೆಯದು. ಅವೂ ಹೋದರೆ ತೋಟ ಮುಚ್ಚುತ್ತದೆ, ಅರವತ್ತೆರಡು ಜನರ ಕೆಲಸ ಹೋಗುತ್ತದೆ. ಅದರಲ್ಲಿ ಪ್ಯಾಕಿಂಗ್ ಶೆಡ್ಡಿನಲ್ಲಿ ಚಿಪ್ಪು ತೊಳೆಯುವ ಕಂದಣ್ಣನ ಹೆಂಡತಿಯದೂ ಒಂದು. ನಿನ್ನೆ ಸಂಜೆ ಒಂಬತ್ತನೆಯದರಲ್ಲಿ ಒಂದು ಗಿಡದ ಎಲೆಯಂಚು ಹಳದಿಯಾಗಿದೆ ಎಂದು ಸುದ್ದಿ ಬಂದಿದೆ. ಇಂದು ಮಧ್ಯಾಹ್ನ ಅದನ್ನು ಕುಯ್ದು ನೋಡುತ್ತಾರೆ.

ಆದರೆ ಇಂದು ಶನಿವಾರವೂ ಹೌದು. ಶನಿವಾರ ತೋಟ ನೋಡಲು ಜನ ಬರುತ್ತಾರೆ.

ಮೊದಲೆಲ್ಲ ಟ್ರ್ಯಾಕ್ಟರಿನ ಟ್ರೇಲರಿಗೆ ಬೆಂಚು ಹಾಕಿ ಬಂದವರನ್ನು ಒಳಗೆ ಸುತ್ತಾಡಿಸುತ್ತಿದ್ದರು. ಈಗ ಗೇಟಿನ ಹೊರಗೆ, ಕಾರು ನಿಲ್ಲಿಸುವ ಜಾಗದ ಪಕ್ಕ, ಆರು ಸಿಮೆಂಟು ಬಳೆಗಳಲ್ಲಿ ಬೇರೆ ಬೇರೆ ವಯಸ್ಸಿನ ಆರು ಗಿಡ ನೆಟ್ಟಿದ್ದಾರೆ. ಕೂಸು, ಹುಡುಗಿ, ಬಸುರಿ, ಬಾಣಂತಿ ಎಂದೆಲ್ಲ ಕೆಲಸದವರು ಅವಕ್ಕೆ ಹೆಸರಿಟ್ಟಿದ್ದಾರೆ. ಕಂದಣ್ಣ ಅಂಗಿ ಬದಲಾಯಿಸಿ, ಬೂಟು ಕಳಚಿ ಚಪ್ಪಲಿ ಮೆಟ್ಟಿ, ಒಂಬತ್ತೂವರೆಗೆ ಅಲ್ಲಿ ಹಾಜರಿರುತ್ತಾರೆ. ಇಂದು ಬಂದಿರುವವರು ಹದಿನೇಳು ಮಂದಿ. ಅವರಲ್ಲೊಬ್ಬರು ನೋಟ್‌ಬುಕ್ ಹಿಡಿದ ನಿವೃತ್ತ ಹೆಡ್‌ಮಾಸ್ತರು. ಉತ್ತರ ಗೊತ್ತಿದ್ದೂ ಪ್ರಶ್ನೆ ಕೇಳುವ ಚಟ ಅವರಿಗಿನ್ನೂ ಬಿಟ್ಟಿಲ್ಲ.

"ಇದು ಮರ ಅಲ್ಲ" ಎಂದು ಶುರು ಮಾಡುತ್ತಾರೆ ಕಂದಣ್ಣ. "ಈ ಕಾಂಡ ಇದೆಯಲ್ಲ, ಇದು ಕಾಂಡಾನೂ ಅಲ್ಲ. ಎಲೆ ಬುಡಗಳು ಒಂದರ ಮೇಲೊಂದು ಸುತ್ತಿಕೊಂಡಿರೋದು. ನಿಜವಾದ ಗಿಡ ಕೆಳಗೆ ಗಡ್ಡೇಲಿದೆ. ಹೂವಿನ ಮೂತಿ ಮೇಲಿಂದ ಇಳಿದು ಬಂದ ಹಾಗೆ ಕಾಣತ್ತೆ, ಹೌದಾ? ಸುಳ್ಳು. ಅದು ಹುಟ್ಟೋದು ಗಡ್ಡೆ ತಲೇಲಿ. ಆಮೇಲೆ ಈ ಎಲೆಗಳ ಕೊಳವೆಯೊಳಗೇ ಎರಡು ಮೂರು ತಿಂಗಳು ಮೇಲಕ್ಕೆ ಹತ್ತತ್ತೆ. ಹೊರಗಿನೋರಿಗೆ ಗೊತ್ತೇ ಆಗಲ್ಲ. ಒಂದಿನ ತಲೆ ಹೊರಗೆ ಹಾಕಿ, ಭಾರಕ್ಕೆ ಬಗ್ಗತ್ತೆ."

ನಾಲ್ಕನೇ ಬಳೆಯ ಗಿಡದಲ್ಲಿ ಕಡುಕೆಂಪು ಮೂತಿ ಜೋತಿದೆ. ಅದರ ಒಂದು ಪಕಳೆ ಎತ್ತಿ ತೋರಿಸುತ್ತಾರೆ. ಒಳಗೆ ಎಳೆ ಕಾಯಿಗಳ ಎರಡು ಸಾಲು, ಪ್ರತಿಯೊಂದರ ತುದಿಯಲ್ಲೂ ಒಂದೊಂದು ಬೆಳ್ಳಗಿನ ಹೂವು. ದಿನಕ್ಕೊಂದೋ ಎರಡೋ ಪಕಳೆ ಎದ್ದು ಉದುರುತ್ತದೆ, ಹಿಂದೆಯೇ ಒಂದು ಚಿಪ್ಪು ಕಾಣಿಸಿಕೊಳ್ಳುತ್ತದೆ. ಕಾಯಿಗಳು ಮೊದಲು ನೆಲ ನೋಡುತ್ತವೆ, ವಾರದೊಳಗೆ ಬೆಳಕಿನ ಕಡೆ ಬಾಗುತ್ತವೆ. ಬಾಳೆಹಣ್ಣಿನ ಡೊಂಕು ಅಲ್ಲಿಂದ ಬಂದದ್ದು. ಎಂಟು ಒಂಬತ್ತು ಚಿಪ್ಪು ಕಟ್ಟಿದ ಮೇಲೆ ಮೂತಿ ಮುರಿದು, ಗೊನೆಗೆ ಚೀಲ ಹಾಕಿ, ಮೂರು ತಿಂಗಳು ಕಾಯಬೇಕು.

"ಪರಾಗಸ್ಪರ್ಶ ಆಗೋದು ಹೇಗೆ?" ಹೆಡ್‌ಮಾಸ್ತರು.

"ಆಗಲ್ಲ ಸಾರ್. ಬೇಕಾಗೇ ಇಲ್ಲ."

"ಹಾಗಾದರೆ ಬೀಜ?"

"ಹಣ್ಣಿನ ನಡುವೆ ಸಣ್ಣ ಸಣ್ಣ ಕಪ್ಪು ಚುಕ್ಕೆ ಇರತ್ತಲ್ಲ ಸಾರ್? ಅವು ಬೀಜ ಆಗೋಣ ಅಂತ ಹೊರಟು ಮನಸ್ಸು ಬದಲಾಯಿಸಿದವು."

ಹೆಡ್‌ಮಾಸ್ತರು ಇದನ್ನೂ ಬರೆದುಕೊಳ್ಳುತ್ತಾರೆ.

ಕಂದುಗಳ ಬಳಿ ಬಂದಾಗ ಕಂದಣ್ಣನ ದನಿ ಬದಲಾಗುತ್ತದೆ. ಇದು ಅವರ ರಾಜ್ಯ. ಕುಕ್ಕರಗಾಲಲ್ಲಿ ಕೂತು ಐದನೇ ಬಳೆಯ ಬುಡದಲ್ಲಿರುವ ಎರಡು ಮರಿ ತೋರಿಸುತ್ತಾರೆ. ಒಂದು ಪುಟ್ಟ ಛತ್ರಿಯಂಥ ಅಗಲ ಎಲೆ ಬಿಚ್ಚಿಕೊಂಡು ಮುದ್ದಾಗಿದೆ. ಇನ್ನೊಂದರ ಎಲೆ ಕಿರಿದು, ಕತ್ತಿಯ ಹಾಗೆ ಸೆಟೆದು ನಿಂತಿದೆ. ಯಾವುದನ್ನು ಉಳಿಸುತ್ತೀರಿ ಎಂದು ಕೇಳುತ್ತಾರೆ. ಹದಿನೇಳು ಮಂದಿಯೂ ಅಗಲ ಎಲೆಯದನ್ನೇ ತೋರಿಸುತ್ತಾರೆ. ಪ್ರತಿ ಶನಿವಾರವೂ ಎಲ್ಲರೂ ಅದನ್ನೇ ತೋರಿಸುತ್ತಾರೆ.

"ಅದು ನೀರುಗಂದು. ತಾಯಿ ಜೊತೆ ಸಂಬಂಧ ಸರಿಯಾಗಿಲ್ಲ, ಮೇಲ್ಮೇಲೆ ಕೂತಿದೆ. ಅದಕ್ಕೇ ಹೊಟ್ಟೆಗಿಲ್ಲದೆ ಬೇಗ ಬೇಗ ಎಲೆ ಬಿಚ್ಚಿದೆ. ಈ ಕತ್ತಿಗಂದು ತಾಯಿ ಗಡ್ಡೆಗೆ ಗಟ್ಟಿಯಾಗಿ ಅಂಟಿಕೊಂಡು ಹಾಲು ಕುಡೀತಿದೆ. ಎಲೆ ಬಿಚ್ಚೋ ಅವಸರ ಇಲ್ಲ. ಇದೇ ಮುಂದೆ ಗೊನೆ ಹಾಕೋದು. ತಾಯಿ ಹಾಕೋದು ಒಂದೇ ಗೊನೆ. ಆಮೇಲೆ ಅವಳನ್ನ ಕಡೀತೀವಿ, ಮಗಳು ನಿಲ್ತಾಳೆ. ಅವಳಾದ ಮೇಲೆ ಮೊಮ್ಮಗಳು."

"ಅಯ್ಯೋ" ಎನ್ನುತ್ತಾರೆ ತಂಪು ಕನ್ನಡಕದ ಹೆಂಗಸೊಬ್ಬರು.

"ಅಯ್ಯೋ ಅನ್ನೋ ಹಾಗೇ ಇದೆ ತಾಯಿ. ನಮ್ಮಲ್ಲಿ ಇಪ್ಪತ್ನಾಲ್ಕು ಸಾವಿರ ಗಿಡ ಇತ್ತು ಅಂತಾರೆ. ಲೆಕ್ಕ ತಪ್ಪು. ಬೀಜದಿಂದ ಹುಟ್ಟಿದ್ರೆ ಒಂದೊಂದೂ ಬೇರೆ. ಇದು ಒಂದೇ ಗಿಡ, ಇಪ್ಪತ್ನಾಲ್ಕು ಸಾವಿರ ಕಡೆ ನಿಂತಿತ್ತು. ಒಂದನ್ನ ಕೊಲ್ಲೋ ಕಾಯಿಲೆ ಎಲ್ಲಾನೂ ಕೊಲ್ಲತ್ತೆ."

ಇಲ್ಲಿಗೆ ಪ್ರವಚನ ನಿಲ್ಲಿಸಬೇಕು. ಮುಂದಿನ ಭಾಗ ಬೇಡ ಎಂದು ಮ್ಯಾನೇಜರಮ್ಮ ಹೇಳಿದ್ದಾರೆ. ಆದರೆ ಒಳಗೆ ಯಾಕೆ ಬಿಡುವುದಿಲ್ಲ ಎಂದು ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. ಎದುರಿಗೆ ನಿಂತು ಕೇಳಿದವರಿಗೆ ಸುಳ್ಳು ಹೇಳಲು ಕಂದಣ್ಣನಿಗೆ ಬರುವುದಿಲ್ಲ. ಬರುತ್ತಿದ್ದರೆ ಎಷ್ಟೋ ಅನುಕೂಲವಾಗುತ್ತಿತ್ತು ಎಂದು ಅವರ ಹೆಂಡತಿಯೇ ಹೇಳುತ್ತಾರೆ.

"ಒಳಗೆ ಕಾಯಿಲೆ ಇದೆ. ಬಂದಿದ್ದು ಹೇಗೋ ಗೊತ್ತಿಲ್ಲ. ಹಂಚಿದೋನು ನಾನು."

ಕಂದಣ್ಣ ಈ ತೋಟಕ್ಕೆ ಬಂದದ್ದು ಗೊನೆ ಹೊರಲು. ಆರು ವರ್ಷ ಹೊತ್ತ ಗುರುತಾಗಿ ಎಡ ಹೆಗಲು ಇಂದಿಗೂ ಎರಡು ಬೆರಳು ತಗ್ಗು. ಅನಂತರ ಕಂದಿನ ಕೆಲಸ ಮಾಡುತ್ತಿದ್ದ ಮುದುಕಿಯೊಬ್ಬಳು ಇವರನ್ನು ಜೊತೆಗೆ ಹಾಕಿಕೊಂಡಳು. ಮೊದಲ ವರ್ಷ ಕತ್ತಿಯನ್ನೇ ಮುಟ್ಟಗೊಡಲಿಲ್ಲ; ಯಾವ ಕಂದು ಉಳಿಯಬೇಕೆಂದು ಬರೀ ಬೆರಳು ಮಾಡಿ ತೋರಿಸಬೇಕು, ತಪ್ಪಿದರೆ ಬೈಗುಳ. ಎರಡನೇ ವರ್ಷ ಕತ್ತಿ ಸಿಕ್ಕಿತು: ಒಂದು ಗೇಣಿನ ಬಾಗಿದ ಅಲಗು, ಮೊಣಕೈ ಉದ್ದದ ಹಿಡಿ. ಅಲ್ಲಿಂದ ದಿನಕ್ಕೆ ಮುನ್ನೂರೈವತ್ತು ಬುಡ, ಕೆಲವು ದಿನ ನಾನೂರು. ಇಡೀ ತೋಟವನ್ನು ಒಂದು ಸುತ್ತು ಬರಲು ಎರಡೂವರೆ ತಿಂಗಳು. ಮುಗಿದ ಮರುದಿನ ಮತ್ತೆ ಮೊದಲಿನಿಂದ.

ಕೂಲಿಮನೆಗಳ ಸಾಲಿನಲ್ಲಿ ಇವರದು ಎರಡು ಕೋಣೆ. ಒಂದೇ ಕಿಟಕಿ, ಅದು ತೆರೆದುಕೊಳ್ಳುವುದು ಪ್ಯಾಕಿಂಗ್ ಶೆಡ್ಡಿನ ಗೋಡೆಗೆ. ಹಗ್ಗದ ಮೇಲೆ ಒಣಗುವ ಅಂಗಿಗಳೆಲ್ಲ ಬಾಳೆಕರೆಯ ಕಪ್ಪು ಚುಕ್ಕೆಯವು. "ಮದುವೆ ಫೋಟೋ ಬಿಟ್ರೆ ಇವರ ಮೈಮೇಲೆ ಬಿಳೀ ಅಂಗಿ ಕಂಡೋಳೇ ಅಲ್ಲ ನಾನು" ಎನ್ನುತ್ತಾರೆ ಹೆಂಡತಿ. ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ನರ್ಸು, ಚಿಕ್ಕವಳು ಗಂಡನ ಮನೆಯಲ್ಲಿ. "ಎರಡೇ ಸಾಕು ಅಂದೋರು ಇವರೇ. ದಿನವಿಡೀ ಕಂದು ಕೀಳೋರಲ್ವಾ, ಮನೇಲೂ ಅದೇ ಲೆಕ್ಕ!"

ಕಂದಣ್ಣನಿಗೆ ಕತ್ತಿಯ ಹರಿತವೇ ಅಭಿಮಾನ. ಬೆಳಿಗ್ಗೆ ಇಪ್ಪತ್ತು ನಿಮಿಷ ಮಸೆಯುತ್ತಿದ್ದರು. ಮುಂಗೈ ಕೂದಲು ಹಾರಿದರೆ ಮಾತ್ರ ಹೊರಡುವುದು. ಮೂರು ವರ್ಷದ ಹಿಂದೆ, ಬೇರೆ ಕಡೆಯ ತೋಟಗಳಲ್ಲಿ ಸೊರಗು ಬಂದ ಸುದ್ದಿ ಕೇಳಿ, ಒಂದು ನಿಯಮ ಬಂತು. ಪ್ರತಿ ಬುಡ ಕುಯ್ದ ಮೇಲೆ ಕತ್ತಿಯನ್ನು ಬ್ಲೀಚಿಂಗ್ ನೀರಿನ ಬಕೆಟ್ಟಿನಲ್ಲಿ ಅದ್ದಬೇಕು. ಎರಡೇ ವಾರದಲ್ಲಿ ಅಲಗಿನ ಮೇಲೆ ತುಕ್ಕಿನ ಹುಣ್ಣು ಎದ್ದಿತು. ಕಂದಣ್ಣನಿಗೆ ತಡೆಯಲಾಗಲಿಲ್ಲ. ಬಕೆಟ್ಟನ್ನು ಸಾಲಿನ ತುದಿಯಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟು, ಕತ್ತಿಯನ್ನು ಹಸಿ ಬಾಳೆಲೆಯಿಂದ ಒರೆಸಿಕೊಂಡು ಮುಂದಿನ ಬುಡಕ್ಕೆ ನಡೆದರು. ಎರಡು ಮಗ್ಗುಲೂ ಒರೆಸುತ್ತಿದ್ದರು, ಫಳಫಳ ಹೊಳೆಯುವ ತನಕ. ಕನ್ನಡಿಯಂತಿದ್ದ ಕತ್ತಿ ಕೊಳಕಾಗಿದ್ದೀತು ಎಂದು ಅವರಿಗೆ ಹೊಳೆಯಲೇ ಇಲ್ಲ. ಮೇಸ್ತ್ರಿಗೂ ಗೊತ್ತಿತ್ತು. ಹಳಬರಿಗೆ ಹೇಳುವುದೇನು ಎಂದು ಸುಮ್ಮನಿದ್ದರು.

ಎರಡನೆಯ ತಪ್ಪು ಇನ್ನೂ ಚಿಕ್ಕದು. ಪ್ಲಾಟುಗಳನ್ನು ಒಂದರಿಂದ ಹನ್ನೊಂದರವರೆಗೆ ಕ್ರಮವಾಗಿ ಮಾಡಬೇಕೆಂದು ರಿಜಿಸ್ಟರಿನಲ್ಲಿತ್ತು. ಕಂದಣ್ಣ ಹಾಗೆ ಮಾಡುತ್ತಿರಲಿಲ್ಲ. ಮೊದಲು ನೆಲ ಮೆತ್ತಗಿರುವ ನಾಲ್ಕು, ಆಮೇಲೆ ಗಾಳಿ ಬೀಳದ ಏಳು, ಆಮೇಲೆ ಎರಡು, ಎಂಟು... ಕತ್ತಿಗೂ ಸೊಂಟಕ್ಕೂ ಹಿತವಾದ ದಾರಿ ಅದು. ಸಂಜೆ ರಿಜಿಸ್ಟರಿನಲ್ಲಿ ಮಾತ್ರ ಒಂದು, ಎರಡು, ಮೂರು ಎಂದೇ ಬರೆಸುತ್ತಿದ್ದರು. ಯಾರಿಗೆ ನಷ್ಟ?

ಕಾಯಿಲೆ ಮೊದಲು ಕಂಡದ್ದು ನಾಲ್ಕರಲ್ಲಿ. ಎರಡನೆಯದು ಪಕ್ಕದ ಐದರಲ್ಲೋ ಮೂರರಲ್ಲೋ ಕಾಣಬೇಕಿತ್ತು. ಕಂಡದ್ದು ಏಳರಲ್ಲಿ. ತಜ್ಞರು ಬಂದರು. ರೋಗ ಕಪ್ಪೆಯ ಹಾಗೆ ಕುಪ್ಪಳಿಸುತ್ತಿದೆ ಎಂದರು. ನೀರು ಕಾರಣವೆಂದು ಕಾಲುವೆ ಮುಚ್ಚಿಸಿದರು. ಕಾಡುಹಂದಿ ಇರಬಹುದೆಂದು ಬೇಲಿ ಹಾಕಿಸಿದರು. ಹಂದಿ ಸಿಗಲಿಲ್ಲ, ರೋಗ ನಿಲ್ಲಲಿಲ್ಲ. ಆಫೀಸಿನ ಗೋಡೆಯ ನಕ್ಷೆಗೆ ಹೊಸ ಗಿಡ ಸಿಕ್ಕಾಗಲೆಲ್ಲ ಕೆಂಪು ಗುಂಡುಪಿನ್ನು ಚುಚ್ಚಿ, ಪಕ್ಕದಲ್ಲಿ ತಾರೀಖು ಬರೆದರು.

ಏಳು ತಿಂಗಳ ಹಿಂದಿನ ಒಂದು ಬೆಳಿಗ್ಗೆ ಕಂದಣ್ಣ ಹಾಜರಿ ಹಾಕಲು ಹೋಗಿ ಆ ನಕ್ಷೆಯ ಮುಂದೆ ನಿಂತರು. ನಾಲ್ಕು, ಏಳು, ಎರಡು, ಎಂಟು. ತಜ್ಞರಿಗೆ ಅದು ಕಪ್ಪೆಯ ನೆಗೆತ. ಇವರಿಗೆ ಅದು ತಮ್ಮದೇ ಹೆಜ್ಜೆ. ರಿಜಿಸ್ಟರಿನಲ್ಲಿ ಹುಡುಕಿದರೂ ಸಿಗದ ದಾರಿ. ಜಗತ್ತಿನಲ್ಲಿ ಅದನ್ನು ಓದಬಲ್ಲವರು ಒಬ್ಬರೇ ಇದ್ದರು.

"ನಾಲ್ಕು ದಿನ ತಟ್ಟೆ ಮುಂದೆ ಕೂತು ಹಾಗೇ ಎದ್ರು" ಎನ್ನುತ್ತಾರೆ ಹೆಂಡತಿ. "ಹೊಟ್ಟೆನೋವಾ ಅಂದೆ, ಇಲ್ಲ ಅಂದ್ರು. ಯಾವಳಾದ್ರೂ ಸಿಕ್ಕಿದಾಳಾ ಅಂದೆ. ಅದಕ್ಕೂ ನಗಲಿಲ್ಲ. ಆಮೇಲೆ ಹೇಳಿದ್ರು. ಬಾಯಿ ಮುಚ್ಕೊಂಡಿರಿ ಅಂದೆ ನಾನು. ಸುಳ್ಳು ಯಾಕೆ ಹೇಳಲಿ, ನಾನು ಅಂದಿದ್ದು ಅದೇ. ಕೇಳಿದ್ರೆ ತಾನೇ."

ಐದನೇ ದಿನ ಕತ್ತಿ ಹಿಡಿದುಕೊಂಡು ಹೋಗಿ ಮ್ಯಾನೇಜರಮ್ಮನ ಮೇಜಿನ ಮೇಲಿಟ್ಟರು. ಮ್ಯಾನೇಜರಮ್ಮ ವಯಸ್ಸಿನಲ್ಲಿ ದೊಡ್ಡ ಮಗಳಿಗಿಂತ ಸ್ವಲ್ಪ ಹಿರಿಯರಷ್ಟೆ. ಪೂರ್ತಿ ಕೇಳಿ ಗೋಡೆಯ ನಕ್ಷೆಯ ಕಡೆ ತಿರುಗಿದರು. ಕೂಗಾಡುತ್ತಾರೆ ಎಂದುಕೊಂಡಿದ್ದರು ಕಂದಣ್ಣ. ಅವರು ಕೇಳಿದ್ದು ಒಂದೇ: "ಮುಂದಿನದು ಯಾವುದು ಕಂದಣ್ಣ?"

ಮುಂದಿನದು ಮೂರು, ಆರು, ಹತ್ತು, ಒಂದು, ಐದು. ಆಮೇಲೆ ಒಂಬತ್ತು. ಕೊನೆಗೆ ಹನ್ನೊಂದು. ಕತ್ತಿಗಳನ್ನೆಲ್ಲ ಬೀಗ ಹಾಕಿಟ್ಟರು. ರೋಗ ಕಂಡ ಪ್ಲಾಟಿನಿಂದ ಬೇರೆ ಪ್ಲಾಟಿಗೆ ಓಡಾಟ ನಿಂತಿತು. ಆದರೆ ಕತ್ತಿ ಆಗಲೇ ಎಲ್ಲ ಕಡೆ ಒಂದು ಸುತ್ತು ಬಂದಾಗಿತ್ತು. ನೆಲದೊಳಗೆ ಸೇರಿದ್ದು ಎಲೆಯಲ್ಲಿ ಕಾಣಲು ತಿಂಗಳುಗಳು ಬೇಕು. ತಡೆಯಲು ಆಗದಿದ್ದದ್ದನ್ನು ಕಾಯುತ್ತ ಕೂರಬೇಕಾಯಿತು. ಮೂರು ಹೋಯಿತು. ಆರು, ಹತ್ತು, ಒಂದು ಹೋದವು. ಹೋದ ತಿಂಗಳು ಐದು. ಒಂದೂ ಸರದಿ ತಪ್ಪಿಸಲಿಲ್ಲ.

ಹನ್ನೊಂದರ ಮೇಲೆ ಮಾತ್ರ ಒಂದು ಆಸೆ ಇದೆ. ಆ ಸುತ್ತಿನಲ್ಲಿ ಅಲ್ಲಿಗೆ ಕಾಲಿಡುವ ದಿನ ಬೆಳಿಗ್ಗೆ ಹಳೇ ಕತ್ತಿಯ ಹಿಡಿ ಸೀಳಿ, ಕಂದಣ್ಣ ಸ್ಟೋರಿನಿಂದ ಹೊಸ ಕತ್ತಿ ತೆಗೆದುಕೊಂಡಿದ್ದರು. ಹಿಡಿ ಯಾಕೆ ಸೀಳಿತು ಎಂದು ಆ ದಿನ ಅವರು ಬೈದುಕೊಂಡದ್ದಕ್ಕೆ ಲೆಕ್ಕವಿಲ್ಲ.

ಹನ್ನೆರಡೂವರೆ. ಒಂಬತ್ತನೇ ಪ್ಲಾಟಿನ ಅಂಚಿಗೆ ಸುಣ್ಣದ ಗೆರೆ ಎಳೆದಿದೆ. ಒಂಬತ್ತಕ್ಕೂ ಹನ್ನೊಂದಕ್ಕೂ ಕಾಲಿಡುವ ಹಾಗಿಲ್ಲದ ಏಕೈಕ ಕೆಲಸಗಾರ ಕಂದಣ್ಣ. ಆ ನಿಯಮ ಹಾಕಬೇಕೆಂದು ಕೇಳಿಕೊಂಡವರೂ ಅವರೇ. ಗೆರೆಯ ಈಚೆ ಅವರು, ಪ್ಯಾಕಿಂಗ್ ಶೆಡ್ಡಿನಿಂದ ಬಂದ ಏಳೆಂಟು ಹೆಂಗಸರು. ಆಚೆ ಮ್ಯಾನೇಜರಮ್ಮ ಮತ್ತು ಮೇಸ್ತ್ರಿ. ಗಿಡ ಬೀಳಿಸಿಯಾಗಿದೆ. ಮೇಸ್ತ್ರಿ ಬುಡದಿಂದ ಒಂದು ಬಿಲ್ಲೆ ಕುಯ್ದು, ಎರಡೂ ಕೈಯಲ್ಲಿ ಹಿಡಿದು ಗೆರೆಯ ತನಕ ಬರುತ್ತಾರೆ.

"ಹುಳು ಇರಬಹುದು ಕಂದಣ್ಣ" ಎನ್ನುತ್ತಾರೆ ಅವರು, ಇನ್ನೂ ತೋರಿಸುವ ಮೊದಲೇ. "ಗಡ್ಡೆ ಹುಳಾನೂ ಹೀಗೇ ಕಂದು ಬಣ್ಣ ಮಾಡತ್ತೆ. ನೋಡಿ, ತೂತಿನ ಹಾಗಿದೆ."

ಹುಳು ಕೊರೆದರೆ ಸುರಂಗ, ಸುತ್ತ ಹಿಟ್ಟು. ಸೊರಗಾದರೆ ಸುರಂಗವಿಲ್ಲ, ಬೆಳ್ಳನೆಯ ತಿರುಳಿನಲ್ಲಿ ಸೂಜಿಯಿಂದ ಹೊಲಿದಂಥ ಕೆಂಗಂದು ಚುಕ್ಕೆಗಳು. ಕಂದಣ್ಣ ಕೈ ಹಿಂದೆ ಕಟ್ಟಿಕೊಂಡು ಬಾಗುತ್ತಾರೆ. ಬಿಸಿಲಿಗೆ ಸ್ವಲ್ಪ ಓರೆ ಹಿಡಿಯಲು ಹೇಳುತ್ತಾರೆ. ಇನ್ನೂ ಸ್ವಲ್ಪ. ಹೆಂಗಸರ ಸಾಲಿನಲ್ಲಿ ಅವರ ಹೆಂಡತಿ ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತಲೇ ಇದ್ದಾರೆ, ಒಣಗಿದ ಮೇಲೂ.

"ಹುಳು ಅಲ್ಲ" ಎನ್ನುತ್ತಾರೆ ಕಂದಣ್ಣ. "ಅದೇ."

ಲ್ಯಾಬಿನ ವರದಿ ಬರಲು ಒಂಬತ್ತು ದಿನ ಬೇಕು, ಅಲ್ಲಿಯವರೆಗೆ ಏನೂ ಖಚಿತವಲ್ಲ ಎಂದು ಮ್ಯಾನೇಜರಮ್ಮ ಮೆಲ್ಲಗೆ ಹೇಳುತ್ತಾರೆ. ಹೇಳಿದವರೇ ಮೇಸ್ತ್ರಿಯತ್ತ ತಿರುಗಿ, ಈ ಕ್ಷಣದಿಂದ ಒಂಬತ್ತರವರು ಯಾರೂ ಹನ್ನೊಂದಕ್ಕೆ ಹೋಗಕೂಡದು, ಹನ್ನೊಂದರ ಗೊನೆ ಹೊರುವ ದಾರಿ ಬೇರೆ ಮಾಡಿ ಎನ್ನುತ್ತಾರೆ. ಬಿಲ್ಲೆಯನ್ನು ಎರಡು ಚೀಲದಲ್ಲಿ ಸುತ್ತಿ ಡಬ್ಬಿಗೆ ಹಾಕುತ್ತಾರೆ. ಹೆಂಗಸರು ಒಬ್ಬೊಬ್ಬರಾಗಿ ಶೆಡ್ಡಿನ ಕಡೆ ನಡೆಯುತ್ತಾರೆ.

ಹೆಂಡತಿ ಮಾತ್ರ ನಿಲ್ಲುತ್ತಾರೆ.

"ಹುಳು ಅಂತ ಒಂದು ಮಾತು ಬಾಯಿಗೆ ಬರಲಿಲ್ವಾ ನಿಮಗೆ? ಒಂಬತ್ತು ದಿನ ನಿದ್ದೆ ಮಾಡ್ತಿದ್ವಿ."

"ಆ ಒಂಬತ್ತು ದಿನ ಎಷ್ಟು ಜನ ಇಲ್ಲಿಂದ ಹನ್ನೊಂದಕ್ಕೆ ಹೋಗಿ ಬರ್ತಿದ್ರು, ಹೇಳು."

ಇಬ್ಬರೂ ಗೆರೆಯಿಂದ ನಾಲ್ಕು ಮಾರು ಹಿಂದೆ, ಚಿಪ್ಪು ತುಂಬುವ ಖಾಲಿ ಕ್ರೇಟುಗಳನ್ನು ಬೋರಲು ಹಾಕಿಕೊಂಡು ಕೂರುತ್ತಾರೆ. ಡಬ್ಬಿ ಹಿಡಿದ ಮ್ಯಾನೇಜರಮ್ಮ ಅತ್ತ ಹೋಗುವುದನ್ನು ಕಂದಣ್ಣ ಕಣ್ಣು ಕಿರಿದು ಮಾಡಿ ನೋಡುತ್ತಾರೆ. ಬಿಲ್ಲೆ ನೋಡಿ ಇವರು ಹೇಳಿದ್ದನ್ನು ಲ್ಯಾಬು ಇದುವರೆಗೆ ಮೂವತ್ತೊಂದು ಸಲ ಪರೀಕ್ಷಿಸಿದೆ. ಮೂವತ್ತೊಂದು ಸಲವೂ ಹೌದೆಂದಿದೆ. ಆಫೀಸಿನವರು ಅದನ್ನು ಹೊಗಳಿಕೆಯೆಂದು ಹೇಳುತ್ತಾರೆ.

"ಕತ್ತಿ ವಿಷಯದಲ್ಲಿ ತಪ್ಪಿದೆ, ಎಲ್ಲಾ ಹೋಯ್ತು" ಎನ್ನುತ್ತಾರೆ ಕಂದಣ್ಣ. "ಕಣ್ಣಿನ ವಿಷಯದಲ್ಲೂ ಒಂದೇ ಒಂದು ಸಲ ತಪ್ಪಲಿ. ಆ ಲ್ಯಾಬಿನವರು ಇಲ್ಲಿಗೇ ಬರಲಿ. ಇದು ಬರೀ ಹುಳು, ಈ ಮುದುಕನಿಗೆ ಕಣ್ಣು ಕಾಣಲ್ಲ, ಇವನ ಮಾತು ಯಾಕೆ ಕೇಳಿದ್ರಿ ಅಂತ ಎಲ್ಲರ ಮುಂದೆ ಬಾಯಿಗೆ ಬಂದ ಹಾಗೆ ಬೈಯಲಿ. ಕೈಮುಗಿದು ನಿಂತು ಬೈಸಿಕೊಳ್ತೀನಿ."